ಡಿಸೆಂಬರಿನ ಬಾವಿಗಳು

ಡಿಸೆಂಬರ್ ಬಂತೆಂದರೆ ಡಾಲಸ್ಸಿನ ಹಲ್ಲಿನ ಡಾಕ್ಟರುಗಳಿಗೆಲ್ಲ ಎಣ್ಣೆಬಾವಿಯ ಹುಚ್ಚು ಹಿಡಿಯುತ್ತಿದ್ದ ಕಾಲವದು. ಕೊರೆಯುವ ಕೂಲಿ, ಡೀಸೆಲ್, ಕೊರೆಯುವಾಗ ಬಾವಿಗೆ ಸುರಿಯುವ ಕೆಸರು, ಹೀಗೆ ಮತ್ತೆ ಕೈಗೆ ಸಿಗದ ಖರ್ಚನ್ನೆಲ್ಲ ಅದೇ ವರ್ಷದ ಆದಾಯದಲ್ಲಿ ಕಳೆದು ತೆರಿಗೆ ಉಳಿಸಬಹುದಿತ್ತು. ಹಾಗಾಗಿ ವರ್ಷ ಮುಗಿಯುವ ಮೊದಲು ಎಲ್ಲರಿಗೂ ಒಂದೊಂದು ಬಾವಿ ಬೇಕು. ವರ್ನಾಳಿಗೆ ಆ ದಿನಗಳನ್ನು ನೆನೆಯುವುದೇ ಒಂದು ಸುಖ. ಬಯಲ ತುಂಬ ಬಾವಿ ಕೊರೆಯುವ ರಿಗ್ಗುಗಳ ದೀಪ, ಒಲೆಯ ಮೇಲೆ ಕುದಿಯುವ ಖಾರದ ಮಾಂಸದ ಚಿಲಿ, ಆ ಬಾವಿಗಳನ್ನು ಕೊರೆದು ಬಂದು ಬಾಗಿಲಲ್ಲಿ ಬೂಟು ಕೊಡವುತ್ತ ನಿಂತ ಗಂಡ ಡಾಯ್ಲ್.

ಎಣ್ಣೆ ಸಿಗದಿದ್ದರೂ ಆ ಡಾಕ್ಟರುಗಳ ಒಂದು ಕೂದಲೂ ಕೊಂಕುತ್ತಿರಲಿಲ್ಲ. ಬಾವಿ ಬರಿದಾದರೆ ಮಿಕ್ಕ ಖರ್ಚೂ ತೆರಿಗೆಯಲ್ಲಿ ವಜಾ. ಡಾಕ್ಟರ್ ಪ್ರುಯಿಟ್ ಅಂತೂ ಪ್ರತಿ ಬರಿಬಾವಿಗೂ ಡಾಯ್ಲ್‌ಗೆ ಒಂದು ವಿಸ್ಕಿ ಬಾಟಲಿ ಕಳಿಸುತ್ತಿದ್ದರು. ಡಾಯ್ಲ್ ಅದನ್ನು ಮೂಸಿಯೂ ನೋಡದೆ ಕೂಲಿಯವರಿಗೆ ಕೊಟ್ಟುಬಿಡುತ್ತಿದ್ದ.

"ಸೋತಿದ್ದಕ್ಕೆ ಬಹುಮಾನ ಕೊಡೋ ಜನ ಕಣೇ ಇವರು!" ಎಂದು ಗೊಣಗುತ್ತಿದ್ದ.

ಈಗ ಆ ದೀಪಗಳೆಲ್ಲ ಆರಿವೆ. ದೊಡ್ಡ ಕಂಪನಿಗಳ ಮುಂದೆ ಡಾಯ್ಲ್‌ನ ಹಳೆಯ ರಿಗ್ ಒಬ್ಬ ಗುಜರಿಯವನಿಗೆ ಬಿಟ್ಟರೆ ಇನ್ನಾರಿಗೂ ಬೇಡ. ಮಾರುವ ಮುಂಚೆ, ಡಾಕ್ಟರುಗಳು ತೋರಿಸಿದಲ್ಲಿ ಅಲ್ಲ, ತಾನೇ ಆರಿಸಿದ ಜಾಗದಲ್ಲಿ ಒಮ್ಮೆ ಎಣ್ಣೆ ಕಾಣಬೇಕೆಂಬುದೊಂದೇ ಎಪ್ಪತ್ತು ದಾಟಿದ ಅವನ ಆಸೆ. ಮುದುಕರಾಗಿದ್ದ ಪ್ರುಯಿಟ್ ಈ ಸಲವೂ ದುಡ್ಡು ಹಾಕಿದರು.

ಕ್ರಿಸ್‌ಮಸ್ ಕಳೆದ ಮೇಲೆ ಒಂದು ಮಧ್ಯಾಹ್ನ ಬಾವಿಯಿಂದ ಬಂದದ್ದು ಬರೀ ಉಪ್ಪುನೀರು, ಎಣ್ಣೆ ಒಂದು ಹನಿಯೂ ಇಲ್ಲ. ವರ್ನಾ ಕಾಫಿ ಹಿಡಿದು ಬರುವಾಗ ಡಾಯ್ಲ್ ಟ್ರಕ್ಕಿನ ಹಿಂಬದಿಯಲ್ಲಿ ಕೂತು ಪ್ರುಯಿಟ್‌ಗೆ ಫೋನ್ ಮಾಡುತ್ತಿದ್ದ. ಕಿವಿ ಮಂದವಾಗಿದ್ದರಿಂದ ಸ್ಪೀಕರ್ ಹಾಕಿದ್ದ.

"ಉಪ್ಪುನೀರು, ಡಾಕ್ಟ್ರೇ."

"ಹೋಗ್ಲಿ ಬಿಡಯ್ಯಾ! ಪೂರ್ತಿ ತೆರಿಗೇಲಿ ಕಳೀತೀನಲ್ಲ. ಬಾಟ್ಲಿ ಕಳಿಸ್ತೀನಿ."

"ಬಾಟ್ಲಿ ಬೇಡ." ಡಾಯ್ಲ್ ಫೋನನ್ನು ಬಾಯಿಗೆ ಹತ್ತಿರ ತಂದ. "ಇಷ್ಟು ವರ್ಷ ನಾನು ಬರೀ ತೂತು ಕೊರೀಲಿಲ್ಲ ಡಾಕ್ಟ್ರೇ, ಎಣ್ಣೆ ಹುಡುಕ್ದೆ. ಒಂದ್ಸಲ, ಒಂದೇ ಒಂದ್ಸಲ, ಬೇಜಾರಾಯ್ತು ಅನ್ನಿ."

 ವರ್ನಾ ಕಾಫಿಯನ್ನು ಟ್ರಕ್ಕಿನ ಅಂಚಿನ ಮೇಲಿಟ್ಟು ಅವನ ಪಕ್ಕಕ್ಕೆ ಬಂದು ನಿಂತಳು.

"ಬೇಜಾರಾಯ್ತು ಕಣೋ ಡಾಯ್ಲ್," ಎಂದರು ಪ್ರುಯಿಟ್ ಕೊನೆಗೆ, ನಗುವಿಲ್ಲದೆ. "ಈ ಸಲ ನಿಂಗೆ ಸಿಗ್ಬೇಕಿತ್ತು."

ಡಾಯ್ಲ್ ಫೋನಿಟ್ಟು, ಟೋಪಿ ತೆಗೆದು, ಬಿಕ್ಕಿಬಿಕ್ಕಿ ಅತ್ತ. ವರ್ನಾ ಅವನ ತಲೆಯನ್ನು ಎದೆಗೊತ್ತಿಕೊಂಡಳು. ಎಷ್ಟೋ ಹೊತ್ತಿನ ಮೇಲೆ ಅವನು ಮುಖ ಒರೆಸಿಕೊಂಡ.

"ರಿಗ್ ಕೇಳಿದ್ನಲ್ಲ, ಆ ಗುಜರಿಯವ್ನಿಗೆ ಹೇಳ್ಬಿಡು ಕಣೇ, ಬಂದು ತಗೊಂಡ್ಹೋಗ್ಲಿ."