ಕಾರೆ ಗಿಡದ ಕೊಂಬೆ

ತಾನು ತೆಗೆದ ಫೋಟೋಗೆ ಬಹುಮಾನ ಬಂದಾಗ ಸಹನಾ ಅದಕ್ಕೆ ಕಟ್ಟು ಹಾಕಿಸಿ ಹೊಳಲ್ಕೆರೆಯ ಶಿವಕುಮಾರಪ್ಪ ಮೇಷ್ಟ್ರ ಮನೆಗೆ ಹೊತ್ತು ತಂದಳು. ಹಕ್ಕಿಗಳ ಮೇಲೆ ಪಿಎಚ್.ಡಿ. ಮಾಡಲು ಅವರ ಬಳಿ ಸೇರಿದ್ದವಳು ಅರ್ಧಕ್ಕೇ ಬಿಟ್ಟು ಪತ್ರಿಕೆಯ ಫೋಟೋಗ್ರಾಫರ್ ಆಗಿದ್ದಳು. ಪೊದೆಯ ಮುಂದೆ ದಿನವಿಡೀ ಕಾದು ಕೂರುವುದು ಅವಳಿಗೆ ಸಾಕಾಗಿಹೋಗಿತ್ತು. ಪತ್ರಿಕೆಯಲ್ಲಿ ಆ ಕಾಟವಿರಲಿಲ್ಲ. ಧರಣಿಯಾಗಲಿ, ಸನ್ಮಾನವಾಗಲಿ, "ಸ್ವಲ್ಪ ಸರ್ಕಳ್ರಿ, ಹಾರ ಇಳಿಸ್ರಿ" ಎಂದರೆ ಜನ ಕೇಳುತ್ತಿದ್ದರು. ಹಕ್ಕಿಗಳ ಹಿಂದೆ ಅಲೆಯುವುದು ರಜೆಯ ದಿನಕ್ಕಷ್ಟೇ ಉಳಿದಿತ್ತು.

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. ರಾಮಗಿರಿ ಗುಡ್ಡದ ಕಾರೆ ಗಿಡದಲ್ಲಿ ಪಿಕಳಾರ ಹಕ್ಕಿಯ ಗೂಡು, ಅದರೊಳಗೆ ಬಾಯಿ ತೆರೆದ ಮರಿಗಳು. ಕೆಳಗೆ 'ಹಸಿವು' ಎಂಬ ಶೀರ್ಷಿಕೆ.

"ಪಿಕಳಾರ ಹಿಂಗೆ ಬಯಲಿಗೆ ಗೂಡು ಕಟ್ಟಲ್ಲ ಕಣಮ್ಮ. ಮುಂದಿನ ಕೊಂಬೆ ಎಲ್ಲೋಯ್ತು?"

"ಗೂಡಿಗೆ ಅಡ್ಡ ಬರ್ತಿತ್ತು ಸರ್. ದಾರ ಹಾಕಿ ಪಕ್ಕಕ್ಕೆ ಎಳೆದು ಕಟ್ಟಿದ್ದೆ."

"ಹಂಗಾದ್ರೆ ಇದು ಹಸಿವಲ್ಲ," ಎಂದರು ಮೇಷ್ಟ್ರು. "ತಾಯಿ ಬಂದ್ರೆ ಮರಿಗಳು ಕತ್ತು ಚಾಚ್ತವೆ. ಇವು ಕತ್ತು ಇಳಿಬಿಟ್ಟು ಬಾಯಿ ತೆರೆದವೆ. ನೆರಳಿಲ್ದೆ ಬಿಸಿಲಿಗೆ ಏದುಸಿರು ಬಿಡ್ತಾ ಅವೆ. ಪಿಎಚ್.ಡಿ. ಮಾಡುವಾಗ ಇದನ್ನ ನೀನೇ ಅಲ್ವಾ ನಂಗೆ ಬರೆದು ಕೊಟ್ಟಿದ್ದು?"

ಸಹನಾ ಚಿತ್ರದ ಹತ್ತಿರ ಬಗ್ಗಿ ಮರಿಗಳ ಕತ್ತು ನೋಡಿದಳು.

"ಹೋಗ್ಲಿ, ಬರುವಾಗ ದಾರ ಬಿಚ್ಚಿ ಬಂದೆ ತಾನೆ?"

ಅವತ್ತು ರಜೆಯೆಂದರೂ ಬಿಡದೆ ಆಫೀಸಿನಿಂದ ಫೋನ್ ಬಂದಿತ್ತು, ಭರಮಸಾಗರದ ಹತ್ತಿರ ಬಸ್ ಉರುಳಿದೆ ಎಂದು. ಕ್ಯಾಮೆರಾ ಚೀಲ ಹೆಗಲಿಗೇರಿಸಿ ಗುಡ್ಡ ಇಳಿದದ್ದು ಅವಳಿಗೆ ನೆನಪಿತ್ತು. ದಾರ ಬಿಚ್ಚಿದ ನೆನಪು ಎಷ್ಟು ತಡಕಾಡಿದರೂ ಸಿಗಲಿಲ್ಲ.