ವಾಪಸು ಹೋಗದ ಜಾತಕಗಳು

ರಂಜನಿ ಪವರ್ ಬಟನ್ ಒತ್ತಿ ಹಿಡಿದು ಕಂಪ್ಯೂಟರನ್ನು ಆರಿಸಿದಳು. ಮತ್ತೆ ಹಚ್ಚಿದಳು. ಬ್ರೌಸರ್ ತೆರೆದದ್ದೇ ತಡ, ಮದುವೆ ಸೈಟಿನ ಹಳೆಯ ಟ್ಯಾಬುಗಳೆಲ್ಲ ಒಂದರ ಬೆನ್ನಿಗೊಂದು ಎದ್ದು ಕೂತವು. ಒಂದೊಂದರಲ್ಲೂ ಒಬ್ಬೊಬ್ಬ ವರ. ಪರದೆ ಅಲ್ಲಿಗೇ ನಿಂತುಬಿಟ್ಟಿತು.

ಹೊರಗೆ ಅಂಗಳದಲ್ಲಿ ಅವಳ ತಂದೆ, ಹೊಳೆನರಸೀಪುರದ ನಿವೃತ್ತ ಲೆಕ್ಕದ ಮೇಷ್ಟ್ರು ಅಪ್ಪಾಜಿ, ಚಟ್ಟದ ಮೇಲೆ ಮಲಗಿದ್ದರು. ಅವರ ಆಧಾರ್ ಕಾರ್ಡು ಮನೆಯಲ್ಲೆಲ್ಲೂ ಸಿಕ್ಕಿರಲಿಲ್ಲ. ಅದರ ಪ್ರತಿ ಇದ್ದದ್ದು ಇದೇ ಕಂಪ್ಯೂಟರಿನಲ್ಲಿ ತೆರೆಯುವ ಅವರ ಮೇಲ್‌ನಲ್ಲಿ.

"ಒತ್ತಾಯ್ತು ಕಣಮ್ಮ," ಶವದ ಗಾಡಿಯ ತಮ್ಮಯ್ಯ ಕಿಟಕಿಯಲ್ಲಿ ಇಣುಕಿದ. "ಆಧಾರ್ ಜೆರಾಕ್ಸ್ ಇಲ್ದಿದ್ರೆ ಸ್ಮಶಾನದಲ್ಲಿ ರಸೀತಿ ಕೊಡಾಕಿಲ್ಲ."

"ನಾನೇನು ಆಟ ಆಡ್ತಾ ಕೂತಿದೀನಾ? ಇದು ಅಲ್ಲಾಡ್ತಾನೇ ಇಲ್ಲ."

ಅಪ್ಪಾಜಿಯ ತಂಗಿ ಹಂಸತ್ತೆ ಹಿಂದೆ ಬಂದು ನಿಂತು, ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಲೇ ಪರದೆ ನೋಡಿದರು. "ಲಕ್ಷಣವಾಗಿದಾನಲ್ಲೇ ಇವ್ನು! ಅರಕಲಗೂಡಿನವ್ರಂತೆ. ಅಣ್ಣನಿಗೆ ಕನ್ಯಾದಾನದ ಪುಣ್ಯ ಸಿಗ್ಬೇಕು ಅಂದ್ರೆ ವರ್ಷದೊಳಗೆ ಮಾಡ್ಬಿಡ್ಬೇಕು."

"ಅತ್ತೆ, ಅಪ್ಪನ್ನ ಇನ್ನೂ ಎತ್ತಿಲ್ಲ."

"ಅದಕ್ಕೇ ಹೇಳಿದ್ದು. ನೀನು ಹ್ಞೂ ಅಂದ್ರೆ ನೆಮ್ಮದಿಯಾಗಿ ಹೋಗ್ತಾನೆ."

ರಂಜನಿಗೆ ಮೈಯೆಲ್ಲ ಉರಿದುಹೋಯಿತು. ಮದುವೆ ಬೇಡವೆಂದು ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. 'ಆಯ್ತಮ್ಮ, ಬಿಡು' ಎಂಬ ಒಂದೇ ಒಂದು ಮಾತು ಅಪ್ಪನ ಬಾಯಿಂದ ಬಂದಿರಲಿಲ್ಲ. ಇನ್ನು ಬರುವಂತೆಯೂ ಇರಲಿಲ್ಲ.

*

ಹಾಸನದ ಕಾಲೇಜಿನಿಂದ ಮನೆಗೆ ಬಂದಾಗಲೆಲ್ಲ ಅವಳು ಸೆಟ್ಟಿಂಗ್ಸ್‌ಗೆ ಹೋಗಿ, 'ಬಿಟ್ಟಲ್ಲಿಂದ ಮುಂದುವರಿಸು' ಎಂಬುದನ್ನು ತೆಗೆದು 'ಹೊಸ ಟ್ಯಾಬ್' ಎಂದು ಮಾಡಿ ಹೋಗುತ್ತಿದ್ದಳು. ಮುಂದಿನ ಸಲ ಬಂದರೆ ವರಮಹಾಶಯರೆಲ್ಲ ಯಥಾಸ್ಥಾನದಲ್ಲಿ! ಅಪ್ಪ ಸೆಟ್ಟಿಂಗನ್ನು ಮೊದಲಿನಂತೆ ಮಾಡಿ, ಹಿಸ್ಟರಿಯಿಂದ ಒಬ್ಬೊಬ್ಬರನ್ನೇ ಹೆಕ್ಕಿ ತಂದು ಕೂರಿಸಿರುತ್ತಿದ್ದರು.

"ಯಾಕಪ್ಪಾ ಇದೆಲ್ಲ?"

"ಮುಚ್ಚಿದ್ರೆ ಅವ್ರಿಗೆ ಗೊತ್ತಾಗಲ್ವೇನೇ?"

"ಯಾರಿಗೆ?"

"ಹುಡುಗನ ಮನೆಯವ್ರಿಗೆ. ಜಾತಕ ಇಸ್ಕೊಂಡು ದೇವರ ಮುಂದೆ ಇಟ್ಟ ಹಾಗೆ ಇದು. ಒಂದು ಮಾತು ಹೇಳ್ದೆ ವಾಪಸ್ ಕಳ್ಸೋದು ಮರ್ಯಾದೆನಾ?"

ಟ್ಯಾಬ್ ಮುಚ್ಚಿದರೆ ಆ ಕಡೆಗೆ ಜಾತಕ ವಾಪಸು ಹೋದಂತೆ ಎಂದು ಲೆಕ್ಕದ ಮೇಷ್ಟ್ರು ನಂಬಿಬಿಟ್ಟಿದ್ದರು. ಹಾಗೇನೂ ಇಲ್ಲವೆಂದು ಅವಳು ಬಿಡಿಸಿ ಹೇಳಿದಷ್ಟೂ ತಲೆಯಾಡಿಸುತ್ತಿದ್ದರು, ಮುಚ್ಚುತ್ತಿರಲಿಲ್ಲ. ಶಾಲೆಯಲ್ಲಿ ಯಾವ ಹುಡುಗನಿಗೂ ಫೇಲು ಎಂದು ಬರೆಯಲಾರದೆ ಕೈ ತುಂಬ ಅಂಕ ಹಂಚಿದ ಮನುಷ್ಯ. ಯಾರಿಗೂ ಇಲ್ಲವೆನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ, ಮಗಳೊಬ್ಬಳನ್ನು ಬಿಟ್ಟು.

*

ರಂಜನಿ ಸಿಟ್ಟಿನಲ್ಲಿ ಇಂಟರ್‌ನೆಟ್ ತಂತಿಯನ್ನೇ ಕಿತ್ತು, ಕಂಪ್ಯೂಟರನ್ನು ಇನ್ನೊಮ್ಮೆ ಆರಿಸಿ ಹಚ್ಚಿ ಬ್ರೌಸರ್ ತೆರೆದಳು. ನೆಟ್ ಇಲ್ಲದೆ ಟ್ಯಾಬುಗಳು ಬಿಳುಚಿಕೊಂಡು ಸುಮ್ಮನಾದವು. ತಂತಿ ಸಿಕ್ಕಿಸಿ ಹೊಸದೊಂದರಲ್ಲಿ ಮೇಲ್ ತೆರೆದಳು. ಆಧಾರ್ ಸಿಕ್ಕಿತು. ಪ್ರಿಂಟರಿನಿಂದ ಹೊರಬಂದ ಹಾಳೆಯಲ್ಲಿ ಅಪ್ಪ ಕೋಪಗೊಂಡವರಂತೆ ಕಾಣುತ್ತಿದ್ದರು. ತಮ್ಮಯ್ಯ ಅದನ್ನು ಮಡಚಿ ಜೇಬಿಗಿಟ್ಟುಕೊಂಡ. ಗಂಡಸರು ಅಪ್ಪನನ್ನು ಎತ್ತಿಕೊಂಡು ಹೋದರು. ಆಗ ಅವಳಿಗೆ ಅಳು ಬಂತು, ತಡೆಯಲಾಗದಷ್ಟು.

ಮನೆ ತೊಳೆದು ಹೆಂಗಸರ ಸ್ನಾನವಾದ ಮೇಲೆ ಹಂಸತ್ತೆ ಮತ್ತೆ ಶುರು ಮಾಡಿದರು. "ಅತ್ತಿಗೆ, ನೀವಾದ್ರೂ ಹೇಳಿ. ವೈಕುಂಠ ಸಮಾರಾಧನೆಗೆ ಎಲ್ರೂ ಸೇರ್ತಾರೆ, ಅಷ್ಟೊತ್ತಿಗೆ ಒಬ್ಬನ್ನ ಗೊತ್ತು ಮಾಡಿ."

ರಂಜನಿಯ ತಾಯಿ ಕಾವೇರಮ್ಮ ಒದ್ದೆ ತಲೆಯಲ್ಲೇ ಬಂದು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

"ಒಬ್ಬೊಬ್ರನ್ನೇ ತೋರ್ಸು."

"ಅಮ್ಮಾ, ನೀನೂನಾ?"

"ತೋರ್ಸೇ."

ಹಲ್ಲು ಕಚ್ಚಿಕೊಂಡು ರಂಜನಿ ಮೊದಲನೆಯದನ್ನು ಒತ್ತಿದಳು. ಸೂಟು ತೊಟ್ಟ ಒಬ್ಬ ಹಲ್ಲು ಬಿಟ್ಟು ನಕ್ಕ. ಕಾವೇರಮ್ಮ ಅವನನ್ನು ಸ್ವಲ್ಪ ಹೊತ್ತು ನೋಡಿ ಎರಡೂ ಕೈ ಮುಗಿದರು.

"ನಮ್ಮ ಹುಡುಗಿಗೆ ಇಷ್ಟ ಇಲ್ಲಪ್ಪ. ಇವ್ರಿಗೆ ಹೇಳಕ್ಕೆ ಬಾಯಿ ಬರ್ಲಿಲ್ಲ. ತಪ್ಪು ತಿಳ್ಕೋಬೇಡ."

ಹಂಸತ್ತೆ ಬಾಗಿಲಲ್ಲೇ ನಿಂತರು. ರಂಜನಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು.

"ನನ್ನೇನು ನೋಡ್ತೀಯ? ಮುಚ್ಚು."

ಮುಚ್ಚಿದಳು. ಮುಂದಿನವನು ಮೂಡಿದ. ಕೂದಲಿನ ನೀರು ಮಡಿಲಿಗೆ ತೊಟ್ಟಿಕ್ಕುತ್ತಿರುವಂತೆಯೇ ಕಾವೇರಮ್ಮ ಅವನಿಗೂ ಕೈ ಮುಗಿದರು.