ಹಗುರವಾದದ್ದನ್ನು ಹುಡುಕುತ್ತಿದ್ದ ಮಾವ

ನನ್ನ ಸೋದರಮಾವ ಕುರ್ಚಿಯಲ್ಲಿ ಪೂರ್ತಿಯಾಗಿ ಕೂತದ್ದನ್ನು ಕಂಡವರಿಲ್ಲ. ಅರ್ಧ ದೇಹವನ್ನಷ್ಟೇ ಅದರ ಅಂಚಿಗೊಪ್ಪಿಸಿ, ಉಳಿದರ್ಧವನ್ನು ಎಲ್ಲಿಗೋ ಹೊರಡಲು ಸನ್ನದ್ಧವಾಗಿಟ್ಟು, ಮೊಣಕೈ ಸವೆದ ಬೂದು ಕೋಟನ್ನು ಮನೆಯೊಳಗೂ ಕಳಚದೆ, ಬೆರಳುಗಳಿಂದ ಮೇಜು ತಟ್ಟುತ್ತಿರುವುದು ಅವರ ಪದ್ಧತಿ. ಕಟ್ಟಡಗಳ ನಕ್ಷೆ ಬರೆದು ನಿವೃತ್ತರಾದವರು; ಗೆರೆ ಎಳೆಯುವಾಗ ಎಳ್ಳಷ್ಟೂ ಕದಲದ ಆ ಕೈ ಬೇರೆಲ್ಲ ಹೊತ್ತಿನಲ್ಲೂ ಚಡಪಡಿಸುತ್ತಿತ್ತು. ಏನನ್ನು ಮುಂದಿಟ್ಟರೂ ಒಂದೇ ಮಾತು: "ಇದಲ್ಲ, ಬಿಡು."

ಆ ತಿರಸ್ಕಾರಕ್ಕೆ ಹೆಚ್ಚು ಪಾತ್ರವಾದವು ಬ್ರೌಸರುಗಳು. ಮಾವನ ಕಂಪ್ಯೂಟರು ಹಣ್ಣು ಮುದುಕ. ಒಂದು ಪುಟ ತೆರೆದರೆ ಫ್ಯಾನು ಏದುಸಿರು ಬಿಡುತ್ತಿತ್ತು, ಎರಡು ತೆರೆದರೆ ಪರದೆ ಕಲ್ಲಾಗುತ್ತಿತ್ತು. ಹೊಸದು ಕೊಳ್ಳಿ ಎಂದವರ ಮುಖ ನೋಡುತ್ತಿರಲಿಲ್ಲ. ಹಗುರವಾದ ಬ್ರೌಸರೊಂದು ಸಿಕ್ಕರೆ ಸಾಕೆಂದು ಇವತ್ತೊಂದನ್ನು ಹಾಕುವುದು, ನಾಳೆ ಕಿತ್ತೆಸೆಯುವುದು. ಒಂದು ಚುರುಕಾಗಿದ್ದರೂ ಅಕ್ಷರಗಳನ್ನು ಖಾಲಿ ಚೌಕಗಳನ್ನಾಗಿಸುತ್ತದೆ. ಇನ್ನೊಂದು ಸೌಮ್ಯವಾಗಿದ್ದರೂ ಪಾಸ್‌ವರ್ಡ್ ಕೇಳುವಲ್ಲೇ ಮುಗ್ಗರಿಸುತ್ತದೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದು ಅತ್ತೆ ಅಡುಗೆಮನೆಯಿಂದಲೇ ಚುಚ್ಚುತ್ತಿದ್ದರು. "ಫೋನ್ ಎತ್ತಿ ತಮ್ಮನ ಹತ್ರ ಮಾತಾಡ್ಬಾರ್ದಾ?"

ಅದೇ ಆಗದ ಕೆಲಸ. ಅಜ್ಜಿ ತೀರಿಕೊಂಡ ದಿನ ಆಸ್ಪತ್ರೆಯ ಪಡಸಾಲೆಯಲ್ಲಿ ಚಿಕ್ಕಮಾವ ಆಡಿದ ಒಂದು ಕಟುವಾದ ಮಾತಿನಿಂದ ಅಣ್ಣತಮ್ಮಂದಿರ ಬಾಯಿ ಕಟ್ಟಿಹೋಗಿತ್ತು. ಉಳಿದದ್ದು ಅಂತರ್ಜಾಲದ ಚದುರಂಗವೊಂದೇ: ಇವರದೊಂದು ನಡೆ, ಅವರದೊಂದು ನಡೆ. ಗಡುವಿನೊಳಗೆ ನಡೆಸದಿದ್ದರೆ ಆಟ ಮುಗಿದಂತೆ. ಆಟ ಮುಗಿದರೆ ತಮ್ಮನೂ ಕೈತಪ್ಪಿದಂತೆ ಎಂದು ಮಾವನಿಗೆ ಭಯ.

ಆ ಚದುರಂಗದ ತಾಣ ಹೊಸ ವೇಷ ತೊಟ್ಟು ಇನ್ನಷ್ಟು ಭಾರವಾದ ಮೇಲೆ ಒಂದು ಸಂಜೆ, ಗಡುವು ಸಮೀಪಿಸಿದ್ದರೂ ಪುಟ ತೆರೆಯಲೊಲ್ಲದು. ನಾನು ನನ್ನ ಮೊಬೈಲು ಚಾಚಿದೆ. "ಇದಲ್ಲ, ಬಿಡು. ನನ್ನ ಆಟ ನನ್ನ ಮಷೀನಲ್ಲೇ." ಬೆವರೊರೆಸಿಕೊಳ್ಳುತ್ತ, ಚಿತ್ರ ಬಣ್ಣ ಯಾವುದನ್ನೂ ತೋರಿಸದ, ಬರಿಯ ಅಕ್ಷರಗಳ ಬ್ರೌಸರೊಂದನ್ನು ಕಡೆಯ ಅಸ್ತ್ರವೆಂಬಂತೆ ಹಾಕಿದರು. ಪುಟ ತಟ್ಟನೆ ತೆರೆಯಿತು.

"ಅಯ್ಯೋ, ಮಣೆನೇ ಇಲ್ವಲ್ಲೋ!"

ಮಣೆ ಇರಲಿಲ್ಲ, ಮಣೆಯ ಕೆಳಗೆ ಚಿಕ್ಕಮಾವ ಬರೆದಿಟ್ಟ ಮಾತುಗಳಿದ್ದವು. ಅಲ್ಲಿಗೆ ಇಳಿಯುವ ಮೊದಲೇ ಪರದೆ ಸ್ತಬ್ಧವಾಗುತ್ತಿದ್ದುದರಿಂದ ಮಾವ ಅವನ್ನು ಎಂದೂ ಕಂಡಿರಲಿಲ್ಲ. "ಅಣ್ಣಾ, ಆರೋಗ್ಯನಾ?" "ಅಣ್ಣಾ, ಆವತ್ತು ಅಂದಿದ್ದು ತಪ್ಪಾಯ್ತು." "ಬರೀ ಕುದುರೆ ಓಡಿಸ್ತೀಯಲ್ಲ ಮಹರಾಯಾ, ಒಂದು ಮಾತಾಡು."

ಮಾವನ ಕಣ್ಣು ತುಂಬಿತು. "ಎಷ್ಟು ಕಾಲದಿಂದ ಕರೀತಿದಾನೋ ಪಾಪ! ನಾನು ಸೊಕ್ಕಿನಿಂದ ಸುಮ್ನಿದೀನಿ ಅಂದ್ಕೊಂಡಿರ್ತಾನೆ." ಎದ್ದರು, ಬಾಗಿಲವರೆಗೆ ಹೋದರು, ತಿರುಗಿ ಬಂದರು. "ಏನಂತ ಶುರು ಮಾಡ್ಲಿ?"

"ಅವನು ಅಣ್ಣಾ ಅಂತ ಕರ್ದಿದಾನೆ," ಅತ್ತೆ ಫೋನನ್ನು ಕೈಗಿತ್ತರು. "ನೀವು ತಮ್ಮಾ ಅನ್ನಿ, ಸಾಕು."

ಕೋಣೆಯ ಉದ್ದಗಲ ಅಳೆಯುತ್ತಲೇ ಮಾತಾಡಿದರು, ನಡುನಡುವೆ ಗದರಿದರು, ಅತ್ತರು. ಅಷ್ಟರಲ್ಲಿ ಗಡುವು ಮೀರಿ ಮಾವ ಆಟ ಸೋತಿದ್ದರು. ಗೆದ್ದವನೂ ಗಮನಿಸಲಿಲ್ಲ, ಸೋತವರೂ ಗಮನಿಸಲಿಲ್ಲ.

ಚಡಪಡಿಸುವವರನ್ನು ಚಂಚಲಚಿತ್ತರೆಂದು ನಾವು ಸಲೀಸಾಗಿ ಗೇಲಿ ಮಾಡುತ್ತೇವೆ. ಅವರಲ್ಲಿ ಎಷ್ಟೋ ಮಂದಿ ಒಂದೇ ಒಂದು ಕಡೆಗೆ ಹೋಗಲು ಹಂಬಲಿಸಿ, ಅಲ್ಲಿಗೆ ಹೋಗಲು ಅಂಜಿ, ಉಳಿದೆಲ್ಲ ಕಡೆಗೂ ಓಡಾಡುತ್ತಿರುವವರು.